ಹಳಿಗೆ ತಕ್ಕ ಗಾಲಿ, ಸ್ಲಾಟಿಗೆ ತಕ್ಕ ಕಾರ್ಡು

ಯಲಹಂಕ ರೈಲು ನಿಲ್ದಾಣದಲ್ಲಿ ಹಲವು ದಶಕಗಳ ಕಾಲ ಎರಡು ಅಳತೆಯ ಹಳಿಗಳಿದ್ದವು. ಬೆಂಗಳೂರಿನಿಂದ ಹಿಂದೂಪುರದ ಮೇಲೆ ಗುಂತಕಲ್ಲಿಗೆ ಹೋಗುವ ಮಾರ್ಗ ಮೀಟರ್ ಗೇಜ್. ಎರಡು ಕಂಬಿಗಳ ನಡುವೆ 1,000 ಮಿಲಿಮೀಟರ್ ಅಂತರ. ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ದಾರಿಯಾಗಿ ಕೋಲಾರದ ಕಡೆಗೆ ಹೋಗುವ ಮಾರ್ಗ ನ್ಯಾರೋ ಗೇಜ್. ಅಂತರ 762 ಮಿಲಿಮೀಟರ್. ಎರಡೂ ರೈಲೇ. ಆದರೆ ಒಂದರ ಗಾಲಿ ಇನ್ನೊಂದರ ಕಂಬಿಯ ಮೇಲೆ ನಿಲ್ಲದು. ಹೀಗೆ ಗೇಜ್ ಬದಲಾಗುವ ನಿಲ್ದಾಣಗಳಲ್ಲೆಲ್ಲ ಮೂಟೆಗಳನ್ನು ಒಂದು ಬಂಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗಿತ್ತು. ಅಳತೆಯನ್ನು ಗೊತ್ತುಮಾಡಿದವರು ದೂರದ ಕಚೇರಿಗಳಲ್ಲಿದ್ದರು. ಹೊರೆ ಬಿದ್ದದ್ದು ಹಮಾಲಿಗಳ ಬೆನ್ನಿಗೆ. ಆ ಹಳಿಗಳೆಲ್ಲ ಬ್ರಾಡ್ ಗೇಜ್ ಆಗಿ, ಚಿಕ್ಕಬಳ್ಳಾಪುರ–ಕೋಲಾರ ಮಾರ್ಗದಲ್ಲಿ ಮತ್ತೆ ರೈಲು ಓಡಿದ್ದು 2013ರಲ್ಲಿ.

ಗಣಕಗಳ ಲೋಕದಲ್ಲೂ ಇಂಥದೇ ಒಂದು ಗೇಜಿನ ಕಥೆ ಇದೆ. ಹಳೆಯ ಕಂಪ್ಯೂಟರೊಂದನ್ನು ಜಾಲಕ್ಕೆ ಜೋಡಿಸಲು ಹೊರಟವರು ಮೊದಲು ಎಡವುವುದು ಇಲ್ಲೇ. ಅಂಗೈಯಗಲದ ಒಂದು ನೆಟ್‌ವರ್ಕ್ ಕಾರ್ಡು ಬೇಕು. ಅಂಗಡಿಯವರ ಬಾಯಲ್ಲಿ ಅದು ‘ಲ್ಯಾನ್ ಕಾರ್ಡು’. ಕೇಬಲ್ ಒಂದೇ, ಹೆಸರು ಒಂದೇ, ಬೆಲೆಯೂ ಹೆಚ್ಚಲ್ಲ. ಆದರೂ ಒಂದು ಯಂತ್ರಕ್ಕೆ ಒಪ್ಪಿದ್ದು ಪಕ್ಕದ ಯಂತ್ರಕ್ಕೆ ಒಪ್ಪುವುದಿಲ್ಲ. ಒಂದು ಕಾರ್ಡು ಸ್ಲಾಟಿನೊಳಗೇ ಇಳಿಯದು. ಇನ್ನೊಂದು ಇಳಿದರೂ ಯಂತ್ರ ಅದನ್ನು ಗುರುತಿಸದು. ಈ ಹೊಂದಾಣಿಕೆಯ ಗೊಂದಲ ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ಯಾವ ಕಾರ್ಡನ್ನು ಆರಿಸಬೇಕೆಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಮೂರು ಒಪ್ಪಂದಗಳು

ನೆಟ್‌ವರ್ಕ್ ಕಾರ್ಡು ಮೂರು ಕಡೆ ಒಪ್ಪಿಗೆ ಪಡೆಯಬೇಕಾದ ವಸ್ತು. ಹೊರಗೆ ಅದು ತಂತಿಯೊಂದಿಗೆ ಹೊಂದಬೇಕು. ಒಳಗೆ ಮದರ್‌ಬೋರ್ಡಿನ ಸ್ಲಾಟಿನೊಂದಿಗೆ ಹೊಂದಬೇಕು. ಇವೆರಡೂ ಆದಮೇಲೆ ಕಾರ್ಯಾಚರಣೆ ವ್ಯವಸ್ಥೆಯೊಂದಿಗೆ, ಅಂದರೆ ವಿಂಡೋಸ್, ಲಿನಕ್ಸ್ ಮುಂತಾದವುಗಳೊಂದಿಗೆ ಹೊಂದಬೇಕು. ಈ ಮೂರನೆಯ ಕೊಂಡಿಯೇ ಡ್ರೈವರ್ ಎಂಬ ಸಣ್ಣ ತಂತ್ರಾಂಶ. ಮೂರರಲ್ಲಿ ಒಂದು ಕೈಕೊಟ್ಟರೂ ಉಳಿದೆರಡು ಇದ್ದು ಪ್ರಯೋಜನವಿಲ್ಲ. ವಿಚಿತ್ರವೆಂದರೆ ಈ ಮೂರು ಒಪ್ಪಂದಗಳ ಆಯುಸ್ಸು ಒಂದೇ ಅಲ್ಲ. ಮೊದಲನೆಯದು ನಾಲ್ಕು ದಶಕಗಳಿಂದ ಬಾಳಿದೆ. ಎರಡನೆಯದು ಹತ್ತು ಹದಿನೈದು ವರ್ಷಗಳಿಗೊಮ್ಮೆ ಬದಲಾಗಿದೆ. ಎಲ್ಲಕ್ಕಿಂತ ಬೇಗ ಕಳೆದುಹೋಗುವುದು ಮೂರನೆಯದು.

ತಂತಿಯ ಕಥೆಯಿಂದಲೇ ಆರಂಭಿಸಬಹುದು. 1973ರ ಮೇ 22ರಂದು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬ ಯುವ ಎಂಜಿನಿಯರ್ ಒಂದು ಟಿಪ್ಪಣಿ ಬರೆದರು. ಒಂದೇ ಕೇಬಲ್ಲಿಗೆ ಅನೇಕ ಗಣಕಗಳನ್ನು ಜೋಡಿಸಿ ಎಲ್ಲವೂ ಸರದಿಯಂತೆ ಮಾತನಾಡುವ ಉಪಾಯವನ್ನು ಅದು ವಿವರಿಸಿತ್ತು. ಬೆಳಕಿನ ಅಲೆಗಳನ್ನು ಹೊರುವ ‘ಈಥರ್’ ಎಂಬ ಅಗೋಚರ ಮಾಧ್ಯಮವೊಂದಿದೆ ಎಂದು ಹಿಂದಿನ ವಿಜ್ಞಾನಿಗಳು ನಂಬಿದ್ದರಲ್ಲ, ಅದರ ನೆನಪಿಗೆ ಈ ಏರ್ಪಾಡಿಗೆ ‘ಈಥರ್‌ನೆಟ್’ ಎಂಬ ಹೆಸರು ಬಂತು. ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಕೂಡಿ ಕಟ್ಟಿದ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್.

ನಂತರ ನಡೆದದ್ದೇ ನಿರ್ಣಾಯಕ. 1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಎಂಬ ಮೂರು ಕಂಪನಿಗಳು ಸೇರಿ 10 ಮೆಗಾಬಿಟ್ ವೇಗದ ಈಥರ್‌ನೆಟ್‌ನ ವಿವರಗಳನ್ನು ಅಚ್ಚುಹಾಕಿ ಹೊರಗಿಟ್ಟವು. 1983ರಲ್ಲಿ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ಅದನ್ನು 802.3 ಎಂಬ ಸಂಖ್ಯೆಯ ಮಾನಕವಾಗಿ ಅಂಗೀಕರಿಸಿತು. ಯಾವ ಕಂಪನಿಯಾದರೂ ಆ ಪುಸ್ತಕ ನೋಡಿಕೊಂಡು ಕಾರ್ಡು ಮಾಡಬಹುದಾಯಿತು. ಅದೇ ಕಾಲದಲ್ಲಿ ಐಬಿಎಂ ಕಂಪನಿಯ ಟೋಕನ್ ರಿಂಗ್, ಡೇಟಾಪಾಯಿಂಟ್ ಕಂಪನಿಯ ಆರ್ಕ್‌ನೆಟ್ ಎಂಬ ಎದುರಾಳಿಗಳಿದ್ದವು. ಟೋಕನ್ ರಿಂಗ್ ತಾಂತ್ರಿಕವಾಗಿ ಕಡಿಮೆಯದೇನಲ್ಲ. ಆದರೆ ಅದು ದುಬಾರಿ. ಈಥರ್‌ನೆಟ್ ಕಾರ್ಡನ್ನು ಹತ್ತಾರು ಕಂಪನಿಗಳು ಪೈಪೋಟಿಯಿಂದ ಮಾಡತೊಡಗಿದವು. ಪೇಟೆ ತೀರ್ಪು ಕೊಟ್ಟಿತು.

ಯಶವಂತಪುರದ ನೆರೆಯಲ್ಲಿ

ಈ ತಂತಿಯ ಒಪ್ಪಂದ ಭಾರತಕ್ಕೆ ಬಂದ ಹಾದಿಯಲ್ಲಿ ಬೆಂಗಳೂರಿನ ಉತ್ತರ ಭಾಗಕ್ಕೂ ಒಂದು ಪಾತ್ರವಿದೆ. 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಅರ್ನೆಟ್’ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲವನ್ನು ಆರಂಭಿಸಿತು. ಆಗಿನ ಐದು ಐಐಟಿಗಳು, ಮುಂಬೈನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಹಾಗೂ ದೆಹಲಿಯ ಇಲಾಖೆಯ ಜೊತೆಗೆ ಅದರಲ್ಲಿ ಪಾಲ್ಗೊಂಡ ಎಂಟನೆಯ ಕೇಂದ್ರ, ಯಶವಂತಪುರಕ್ಕೂ ಮಲ್ಲೇಶ್ವರಕ್ಕೂ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆ. ಹಳೆಯ ಬೆಂಗಳೂರಿಗರ ‘ಟಾಟಾ ಇನ್‌ಸ್ಟಿಟ್ಯೂಟ್’.

ಆ ದಿನಗಳ ದೂರವಾಣಿ ತಂತಿಗಳ ಮೇಲೆ ಊರಿಂದೂರಿಗೆ ಸಿಗುತ್ತಿದ್ದ ವೇಗ ಬಹಳ ಅಲ್ಪ. ಗುತ್ತಿಗೆಯ ತಂತಿ ದೊರೆತರೂ ಸೆಕೆಂಡಿಗೆ 9,600 ಬಿಟ್ ಎಂದರೆ ಸಂಭ್ರಮ. ಒಂದೇ ಆವರಣದೊಳಗಿನ ಈಥರ್‌ನೆಟ್ ಕೇಬಲ್ ಮಾತ್ರ ಸೆಕೆಂಡಿಗೆ ಒಂದು ಕೋಟಿ ಬಿಟ್‌ಗಳನ್ನು ಸಾಗಿಸಬಲ್ಲದಾಗಿತ್ತು, ಅಂದರೆ ಸಾವಿರ ಪಟ್ಟಿಗಿಂತ ಹೆಚ್ಚು. ಜಾಲ ಎಂಬುದು ಮೊದಲು ಕಟ್ಟಡಗಳೊಳಗೆ, ಆಮೇಲೆ ಊರುಗಳ ನಡುವೆ ಬೇರೂರಿದ್ದು ಈ ಕಾರಣದಿಂದ. ಸಾರ್ವಜನಿಕರಿಗೆ ಇಂಟರ್‌ನೆಟ್ ಸಂಪರ್ಕ ದೊರೆತದ್ದು 1995ರ ಆಗಸ್ಟ್ 15ರಂದು. ಆಗಲೂ ಮನೆಗಳಲ್ಲಿ ಬಳಕೆಯಾಗಿದ್ದು ಫೋನಿಗೆ ಜೋಡಿಸುವ ಮೋಡೆಮ್. ಮನೆಯ ಗಣಕಕ್ಕೂ ಲ್ಯಾನ್ ಕಾರ್ಡು ಬೇಕೆಂಬ ಸ್ಥಿತಿ ವ್ಯಾಪಕವಾದದ್ದು 2005ರ ಸುಮಾರಿಗೆ, ಬ್ರಾಡ್‌ಬ್ಯಾಂಡ್ ಬಂದಮೇಲೆ. ಆರ್.ಟಿ. ನಗರವಿರಲಿ, ಹೆಬ್ಬಾಳವಿರಲಿ, ಬ್ರಾಡ್‌ಬ್ಯಾಂಡಿನ ಮೋಡೆಮ್ ಮನೆಗೆ ಬಂದಾಗ, ಗಣಕ ನಾಲ್ಕೈದು ವರ್ಷ ಹಳೆಯದಾಗಿದ್ದರೆ ಅದರಲ್ಲಿ ಈಥರ್‌ನೆಟ್ ಕಿಂಡಿಯೇ ಇಲ್ಲವೆಂಬುದು ಗೊತ್ತಾಗುತ್ತಿತ್ತು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕಾರ್ಡು ಹುಡುಕುವ ಕೆಲಸ ಆಗ ಸಾಮಾನ್ಯ ಗ್ರಾಹಕರ ಪಾಲಿಗೂ ಬಂತು.

ಸ್ಲಾಟುಗಳ ವಂಶಾವಳಿ

ತಂತಿಯ ಒಪ್ಪಂದ ಗಟ್ಟಿಯಾಗಿದ್ದರೂ ಯಂತ್ರದೊಳಗಿನ ಸ್ಲಾಟು ಬದಲಾಗುತ್ತಲೇ ಹೋಯಿತು. 1981ರಲ್ಲಿ ಐಬಿಎಂ ಹೊರತಂದ ಪರ್ಸನಲ್ ಕಂಪ್ಯೂಟರಿನ ಸ್ಲಾಟು ಒಮ್ಮೆಗೆ 8 ಬಿಟ್ ಸಾಗಿಸುತ್ತಿತ್ತು. 1984ರ ಎಟಿ ಮಾದರಿಯಲ್ಲಿ ಅದನ್ನು ಉದ್ದ ಮಾಡಿ 16 ಬಿಟ್‌ಗೆ ಏರಿಸಲಾಯಿತು. ಇದೇ ಮುಂದೆ ‘ಐಸಾ’ ಎಂದು ಹೆಸರಾದ, ಕಪ್ಪು ಬಣ್ಣದ ಉದ್ದನೆಯ ಸ್ಲಾಟು. ಅದರ ವಿವರಗಳು ಬಹಿರಂಗವಾಗಿದ್ದುದರಿಂದ ನೂರಾರು ಕಂಪನಿಗಳು ಅದಕ್ಕೊಪ್ಪುವ ಕಾರ್ಡುಗಳನ್ನು ಮಾಡಿದವು.

1987ರಲ್ಲಿ ಐಬಿಎಂ ತನ್ನ ಪಿಎಸ್-2 ಯಂತ್ರಗಳಲ್ಲಿ ಮೈಕ್ರೋ ಚಾನೆಲ್ ಎಂಬ ಹೊಸ ಸ್ಲಾಟನ್ನು ತಂದಿತು. ತಾಂತ್ರಿಕವಾಗಿ ಅದು ಉತ್ತಮ. ಆದರೆ ಹಳೆಯ ಕಾರ್ಡುಗಳು ಅದರಲ್ಲಿ ಕೂರುತ್ತಿರಲಿಲ್ಲ. ಇತರ ಕಂಪನಿಗಳು ಅದನ್ನು ಬಳಸಲು ಐಬಿಎಂಗೆ ಹಣ ತೆರಬೇಕಿತ್ತು. ಮರುವರ್ಷವೇ ಕಾಂಪ್ಯಾಕ್ ಮುಂದಾಳ್ತನದಲ್ಲಿ ಒಂಬತ್ತು ಕಂಪನಿಗಳು ಕೂಡಿ, ಹಳೆಯ ಕಾರ್ಡುಗಳನ್ನೂ ಒಪ್ಪಿಕೊಳ್ಳುವ ‘ಐಸಾ’ದ 32 ಬಿಟ್ ವಿಸ್ತರಣೆಯೊಂದನ್ನು ಘೋಷಿಸಿದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಕೊನೆಗೆ ಎರಡೂ ನಿಲ್ಲಲಿಲ್ಲ. 1992ರಲ್ಲಿ ಇಂಟೆಲ್ ಮುಂದಿಟ್ಟ ‘ಪಿಸಿಐ’ ಎಂಬ ಗಿಡ್ಡನೆಯ, ಸಾಮಾನ್ಯವಾಗಿ ಬಿಳಿ ಬಣ್ಣದ ಸ್ಲಾಟು ಎರಡನ್ನೂ ಬದಿಗೊತ್ತಿತು. ಸುಮಾರು 2000ದವರೆಗೆ ಮದರ್‌ಬೋರ್ಡುಗಳಲ್ಲಿ ಐಸಾ ಮತ್ತು ಪಿಸಿಐ ಅಕ್ಕಪಕ್ಕದಲ್ಲೇ ಇದ್ದವು. 2003ರಲ್ಲಿ ಮಾನಕವಾದ ‘ಪಿಸಿಐ ಎಕ್ಸ್‌ಪ್ರೆಸ್’ ಹೆಸರಿನಲ್ಲಿ ಮಾತ್ರ ಪಿಸಿಐನ ಮಗ, ಆಕಾರದಲ್ಲಿ ಬೇರೆಯೇ. ಒಂದರ ಕಾರ್ಡು ಇನ್ನೊಂದರಲ್ಲಿ ಕೂರದು.

ಸ್ಲಾಟಿನ ವಯಸ್ಸು ಕಾರ್ಡಿನ ವೇಗಕ್ಕೂ ಮಿತಿ ಹಾಕುತ್ತದೆ. 100 ಮೆಗಾಬಿಟ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಐಸಾ ಸ್ಲಾಟು ವಾಸ್ತವದಲ್ಲಿ ಸಾಗಿಸಬಲ್ಲದ್ದು ಕೆಲವೇ ಮೆಗಾಬೈಟ್. ಆದ್ದರಿಂದ ಅಂಥ ಯಂತ್ರಕ್ಕೆ 10 ಮೆಗಾಬಿಟ್ ಕಾರ್ಡೇ ಸಾಕು. ಸಾಮಾನ್ಯ ಪಿಸಿಐ ಸ್ಲಾಟಿನ ಗರಿಷ್ಠ ವೇಗ ಸೆಕೆಂಡಿಗೆ 133 ಮೆಗಾಬೈಟ್. ಒಂದು ಗಿಗಾಬಿಟ್ ಕಾರ್ಡಿಗೆ 125 ಮೆಗಾಬೈಟ್ ಬೇಕು. ಅದನ್ನು ಹಾಕಿದರೆ ಹಾರ್ಡ್‌ಡಿಸ್ಕಿಗೂ ಮಿಕ್ಕವುಗಳಿಗೂ ಉಳಿಯುವುದು ಚೂರುಪಾರು ಮಾತ್ರ. ಹಳೆಯ ಯಂತ್ರಕ್ಕೆ ಹೆಚ್ಚು ವೇಗದ ಕಾರ್ಡು ಹಾಕಿದರೆ ಹೆಚ್ಚು ಲಾಭ ಎಂಬುದು ಭ್ರಮೆ.

ನಕಲಾದದ್ದೇ ನೆಲೆನಿಂತಿತು

ಕಾರ್ಡುಗಳ ಪೈಕಿ ಒಂದರ ಚರಿತ್ರೆ ವಿಶೇಷವಾಗಿದೆ. ಗಣಕ ಜಾಲಗಳ ತಂತ್ರಾಂಶ ಮಾರುತ್ತಿದ್ದ ನೋವೆಲ್ ಎಂಬ ಕಂಪನಿ 1980ರ ದಶಕದಲ್ಲಿ ‘ಎನ್‌ಇ-2000’ ಎಂಬ ಕಾರ್ಡನ್ನು ಹೊರತಂದಿತು. ಅದರ ಮೂಲ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಒಂದು ಚಿಪ್ಪು. ಯಾರು ಬೇಕಾದರೂ ಕೊಳ್ಳಬಹುದಾದ, ವಿವರಗಳೆಲ್ಲ ತಿಳಿದಿದ್ದ ಚಿಪ್ಪು ಅದು. ತೈವಾನಿನ ತಯಾರಕರು ಅದೇ ನಡವಳಿಕೆಯ ಅಗ್ಗದ ಕಾರ್ಡುಗಳನ್ನು ಲಕ್ಷಗಟ್ಟಲೆ ಮಾಡಿದರು. ‘ಎನ್‌ಇ-2000 ಕಂಪ್ಯಾಟಿಬಲ್’ ಎಂಬುದು ಪೆಟ್ಟಿಗೆಯ ಮೇಲಿನ ಬಿರುದಾಯಿತು. ಅದಕ್ಕಿಂತ ಉತ್ತಮ ಕಾರ್ಡುಗಳು ಇರಲಿಲ್ಲವೆಂದಲ್ಲ. ಮೆಟ್‌ಕಾಫ್ ಅವರೇ 1979ರಲ್ಲಿ ಸ್ಥಾಪಿಸಿದ ತ್ರೀಕಾಮ್ ಕಂಪನಿಯ ಕಾರ್ಡುಗಳು ಹೆಚ್ಚು ಚುರುಕಾಗಿದ್ದವು. ಆದರೆ ಎನ್‌ಇ-2000ದ ನಡವಳಿಕೆ ಎಲ್ಲರಿಗೂ ಗೊತ್ತಿದ್ದುದರಿಂದ ಡಾಸ್, ವಿಂಡೋಸ್ 95, ಲಿನಕ್ಸ್ ಎಲ್ಲವೂ ಅದರ ಡ್ರೈವರನ್ನು ಹೊಂದಿದ್ದವು.

ಅದನ್ನು ಕೂಡಿಸುವುದು ಮಾತ್ರ ಸುಲಭವಿರಲಿಲ್ಲ. ಐಸಾ ಕಾಲದ ಯಂತ್ರದಲ್ಲಿ ಪ್ರತಿಯೊಂದು ಕಾರ್ಡಿಗೂ ಪ್ರೊಸೆಸರನ್ನು ಕೂಗಿ ಕರೆಯಲು ‘ಐಆರ್‌ಕ್ಯು’ ಎಂಬ ಪ್ರತ್ಯೇಕ ಗೆರೆ ಬೇಕು. ಕಾರ್ಡಿನ ಮೇಲಿನ ಪುಟ್ಟ ಜಂಪರುಗಳನ್ನು ಕೈಯಿಂದ ಸರಿಸಿ ಆ ಸಂಖ್ಯೆಯನ್ನು ನಿಗದಿ ಮಾಡಬೇಕಿತ್ತು. ಎನ್‌ಇ-2000 ಸಾಮಾನ್ಯವಾಗಿ 3ನೇ ಗೆರೆಯನ್ನು ಬಳಸುವಂತೆ ಬರುತ್ತಿತ್ತು. ಅದೇ ಗೆರೆ ಎರಡನೇ ಸೀರಿಯಲ್ ಪೋರ್ಟಿಗೂ ಮೀಸಲು. ಅಲ್ಲಿ ಮೋಡೆಮ್ ಇದ್ದರೆ ಎರಡೂ ಕಾದಾಡಿ ಯಂತ್ರವೇ ನಿಂತುಹೋಗುವುದಿತ್ತು. ಪಿಸಿಐ ಮತ್ತು ವಿಂಡೋಸ್ 95 ಬಂದಮೇಲೆ ಈ ಹಂಚಿಕೆಯನ್ನು ಯಂತ್ರವೇ ಮಾಡತೊಡಗಿತು.

ಕಾಣದ ಕೊಂಡಿ

ಮೂರನೆಯ ಒಪ್ಪಂದವಾದ ಡ್ರೈವರ್ ಕಣ್ಣಿಗೆ ಕಾಣುವುದಿಲ್ಲ; ಹಾಗಾಗಿಯೇ ಅದು ಮೊದಲು ಕಳೆದುಹೋಗುತ್ತದೆ. ಕಾರ್ಡಿನ ಜೊತೆಗೆ ಒಂದು ಫ್ಲಾಪಿಯಲ್ಲಿ ಬಂದ ಡ್ರೈವರ್, ಫ್ಲಾಪಿಗೆ ಬೂಷ್ಟು ಹಿಡಿದ ದಿನ ಹೋಯಿತು. ತಯಾರಿಸಿದ ಕಂಪನಿ ಮುಚ್ಚಿದ್ದರೆ ಅಥವಾ ಇನ್ನೊಂದರಲ್ಲಿ ವಿಲೀನವಾಗಿದ್ದರೆ ಮತ್ತೆ ಸಿಗುವ ಖಾತರಿಯಿಲ್ಲ. ತ್ರೀಕಾಮ್ 2010ರಲ್ಲಿ ಎಚ್‌ಪಿ ಕಂಪನಿಯ ಪಾಲಾಯಿತು. ಹೊಸ ವಿಂಡೋಸ್‌ಗೆ ಹಳೆಯ ಕಾರ್ಡಿನ ಡ್ರೈವರ್ ಬರೆಯುವುದರಲ್ಲಿ ಯಾರಿಗೂ ಲಾಭವಿಲ್ಲ. ಕಾರ್ಡು ಚೆನ್ನಾಗಿಯೇ ಇರುತ್ತದೆ. ಅದರೊಂದಿಗೆ ಮಾತನಾಡಬಲ್ಲವರು ಇರುವುದಿಲ್ಲ.

ಇಲ್ಲಿ ನೆರವಿಗೆ ಬಂದವರಲ್ಲಿ ಡೊನಾಲ್ಡ್ ಬೆಕರ್ ಪ್ರಮುಖರು. ಅಮೆರಿಕದ ನಾಸಾ ಸಂಸ್ಥೆಯಲ್ಲಿದ್ದ ಅವರು 1990ರ ದಶಕದಲ್ಲಿ ಲಿನಕ್ಸ್‌ಗಾಗಿ ಹತ್ತಾರು ಈಥರ್‌ನೆಟ್ ಕಾರ್ಡುಗಳ ಡ್ರೈವರುಗಳನ್ನು ಬರೆದು ಮೂಲಪಾಠದೊಂದಿಗೆ ಬಹಿರಂಗಗೊಳಿಸಿದರು. ಸಾಮಾನ್ಯ ಗಣಕಗಳನ್ನು ಅಗ್ಗದ ಕಾರ್ಡುಗಳಿಂದ ಹೆಣೆದು ದೊಡ್ಡ ಲೆಕ್ಕಗಳನ್ನು ಮಾಡಿಸುವ ‘ಬೇವುಲ್ಫ್’ ಎಂಬ ಗಣಕಸಮೂಹ 1994ರಲ್ಲಿ ರೂಪುಗೊಂಡದ್ದು ಅದೇ ಸಂಸ್ಥೆಯಲ್ಲಿ. ಆ ಮೂಲಪಾಠ ಇಂದೂ ಓದಲು ಸಿಗುತ್ತದೆ. ಹಾಗೆಂದು ಲಿನಕ್ಸ್ ಎಲ್ಲವನ್ನೂ ಎಂದೆಂದಿಗೂ ಹೊತ್ತುಕೊಂಡು ಹೋಗುವುದೂ ಇಲ್ಲ. ಬಳಸುವವರೇ ಇಲ್ಲವೆಂದು ಮೈಕ್ರೋ ಚಾನೆಲ್ ಮತ್ತು ಟೋಕನ್ ರಿಂಗ್ ಬೆಂಬಲವನ್ನು 2012ರಲ್ಲಿ ಅದರಿಂದ ತೆಗೆಯಲಾಯಿತು. ಆ ಮಾನಕಗಳು ಎರಡನೆಯ ಸಲ ಸತ್ತವು.

ಆರಿಸುವ ಕ್ರಮ

ಇಷ್ಟು ಚರಿತ್ರೆಯಿಂದ ಆಯ್ಕೆಯ ಸೂತ್ರ ತಾನಾಗಿ ಹೊರಡುತ್ತದೆ: ಅತಿ ವೇಗದ ಕಾರ್ಡನ್ನಲ್ಲ, ಯಾವುದರ ಬಗ್ಗೆ ಹೆಚ್ಚು ಜನರಿಗೆ ತಿಳಿದಿದೆಯೋ ಆ ಕಾರ್ಡನ್ನು ಆರಿಸಬೇಕು.

ಮೊದಲು ಯಂತ್ರದ ವಿದ್ಯುತ್ ತಂತಿಯನ್ನು ಕಿತ್ತು, ಮುಚ್ಚಳ ತೆಗೆದು ಸ್ಲಾಟನ್ನು ನೋಡಬೇಕು. ಐಸಾ ಮಾತ್ರ ಇದ್ದರೆ ಎನ್‌ಇ-2000 ವರ್ಗದ್ದು ಅಥವಾ ತ್ರೀಕಾಮ್‌ನ 3ಸಿ509 ಮಾದರಿ ಸೂಕ್ತ. ಎರಡನೆಯದಕ್ಕೆ ಜಂಪರ್ ಸರಿಸುವ ಗೋಜಿಲ್ಲ, ತಂತ್ರಾಂಶದಿಂದಲೇ ಸಂಖ್ಯೆಗಳನ್ನು ಬದಲಿಸಬಹುದು. ಪಿಸಿಐ ಇದ್ದರೆ 1990ರ ದಶಕದ ಕೊನೆಯಲ್ಲಿ ಬಂದು ಎಲ್ಲೆಡೆ ಹರಡಿದ ರಿಯಲ್‌ಟೆಕ್ 8139 ಚಿಪ್ಪಿನ ಕಾರ್ಡು ಸುಲಭದ ಆಯ್ಕೆ; ತ್ರೀಕಾಮ್ 3ಸಿ905, ಇಂಟೆಲ್ ಪ್ರೊ-100 ಅದಕ್ಕಿಂತ ಗಟ್ಟಿ. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬದೆ ಕಾರ್ಡಿನ ದೊಡ್ಡ ಚಿಪ್ಪಿನ ಮೇಲೆ ಅಚ್ಚಾದ ಸಂಖ್ಯೆಯನ್ನು ಓದಬೇಕು. ಡ್ರೈವರ್ ಹುಡುಕಬೇಕಾದದ್ದು ಆ ಸಂಖ್ಯೆಗೆ. ಪಿಸಿಐ ಕಾರ್ಡಿನ ಅಂಚಿನಲ್ಲಿರುವ ಕಚ್ಚನ್ನೂ ಗಮನಿಸಬೇಕು. 5 ವೋಲ್ಟಿನ ಸ್ಲಾಟಿಗೂ 3.3 ವೋಲ್ಟಿನ ಸ್ಲಾಟಿಗೂ ಕಚ್ಚಿನ ಜಾಗ ಬೇರೆ. ಎರಡೂ ಕಚ್ಚುಗಳಿರುವ ಕಾರ್ಡು ಎರಡಕ್ಕೂ ಆಗುತ್ತದೆ. ಬಲವಂತವಾಗಿ ಅದುಮಬಾರದು.

ಆಮೇಲೆ ಕಾರ್ಡಿನ ಹಿಂಬದಿಯ ಕಿಂಡಿ. ಟಿವಿ ಕೇಬಲ್ಲಿನಂಥ ದುಂಡನೆಯ ಬಿಎನ್‌ಸಿ ಕಿಂಡಿ ಮಾತ್ರ ಇದ್ದರೆ ಅದು ತೆಳು ಕೋಆಕ್ಸಿಯಲ್ ಕೇಬಲ್ಲಿನ ಕಾಲದ್ದು. ಎರಡೂ ತುದಿಗೆ 50 ಓಮ್ ತಡೆಯ ಮುಚ್ಚಳ ಬೇಕು, ಇಂದಿನ ರೂಟರಿಗೆ ನೇರ ಜೋಡಿಸಲಾಗದು. ಫೋನಿನ ಜ್ಯಾಕನ್ನು ಹೋಲುವ, ಅದಕ್ಕಿಂತ ಅಗಲವಾದ ಆರ್‌ಜೆ-45 ಕಿಂಡಿ ಇದ್ದರೆ ಚಿಂತೆಯಿಲ್ಲ. 1990ರಲ್ಲಿ ಮಾನಕವಾದ ಆ ಜೋಡಣೆ ಇಂದಿಗೂ ನಡೆಯುತ್ತದೆ. ಸಾಮಾನ್ಯ ಗಿಗಾಬಿಟ್ ಸ್ವಿಚ್ಚಿಗೆ 1990ರ ದಶಕದ 10 ಮೆಗಾಬಿಟ್ ಕಾರ್ಡನ್ನು ಜೋಡಿಸಿದರೆ ಹೊಸದು ತನ್ನ ವೇಗ ತಗ್ಗಿಸಿಕೊಂಡು ಹಳೆಯದರೊಂದಿಗೆ ಮಾತನಾಡುತ್ತದೆ. ಮೊಮ್ಮಗ ಅಜ್ಜನ ನಡಿಗೆಗೆ ಹೆಜ್ಜೆ ಹಾಕಿದ ಹಾಗೆ.

ಒಂದು ಎಚ್ಚರಿಕೆ ಅಗತ್ಯ. ವಿಂಡೋಸ್ 98ರ ರಕ್ಷಣಾ ಪರಿಷ್ಕರಣೆ 2006ರಲ್ಲಿ, ವಿಂಡೋಸ್ ಎಕ್ಸ್‌ಪಿಯದು 2014ರಲ್ಲಿ ನಿಂತಿದೆ. ಅಂಥ ಯಂತ್ರವನ್ನು ಇಂಟರ್‌ನೆಟ್‌ಗೆ ಬಿಡದೆ, ಮನೆಯೊಳಗೆ ಇನ್ನೊಂದು ಗಣಕಕ್ಕಷ್ಟೇ ಜೋಡಿಸುವುದು ಕ್ಷೇಮ.

ಕನ್ನಡದ ಕಡತಗಳು

ಹಳೆಯ ಯಂತ್ರಕ್ಕೆ ಇಷ್ಟು ತಾಪತ್ರಯ ಪಡಬೇಕೇ ಎಂಬ ಪ್ರಶ್ನೆ ಸಹಜ. ಯಶವಂತಪುರದಿಂದ ತುಮಕೂರು ರಸ್ತೆಯಲ್ಲಿ ಹೊರಟರೆ ಸಿಗುವ ಡಾಬಸ್‌ಪೇಟೆಯಲ್ಲಿ 2005ರಿಂದಲೇ ವಿದ್ಯುನ್ಮಾನ ತ್ಯಾಜ್ಯದ ಸಂಸ್ಕರಣಾ ಘಟಕವಿದೆ. ದೇಶದಲ್ಲಿ ಇಂಥ ತ್ಯಾಜ್ಯಕ್ಕೆಂದೇ ನಿಯಮಗಳು 2012ರಿಂದ ಜಾರಿಯಲ್ಲಿವೆ. ಕೆಟ್ಟ ಯಂತ್ರವನ್ನು ಗುಜರಿಗೆ ಎಸೆಯದೆ ಅಂಥ ಕಡೆಗೆ ಕಳಿಸುವುದು ಸರಿಯೇ. ಆದರೆ ಯಂತ್ರದೊಳಗೆ ಏನಿದೆ ಎಂದು ನೋಡದೆ ಕಳಿಸುವುದು ಬೇರೆ ಮಾತು.

ಕರ್ನಾಟಕದಲ್ಲಿ 1990ರ ದಶಕ ಮೊಳೆಜೋಡಣೆಯಿಂದ ಡಿ.ಟಿ.ಪಿ.ಗೆ ಹೊರಳಿದ ಕಾಲ. ಪುಸ್ತಕಗಳು, ಸಂಘಗಳ ಸ್ಮರಣ ಸಂಚಿಕೆಗಳು, ಜಿಲ್ಲಾ ಪತ್ರಿಕೆಗಳು, ಶಾಲೆಗಳ ದಾಖಲೆಗಳು ಮೊದಲ ಬಾರಿಗೆ ಗಣಕದಲ್ಲಿ ಅಕ್ಷರರೂಪ ಪಡೆದವು. ಆಗ ಪ್ರತಿಯೊಂದು ಕನ್ನಡ ತಂತ್ರಾಂಶಕ್ಕೂ ಅದರದೇ ಅಕ್ಷರ ಸಂಕೇತವಿತ್ತು. ಒಂದರಲ್ಲಿ ‘ಕ’ ಆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಗೆರೆ. ಅದೂ ಗೇಜಿನ ಸಮಸ್ಯೆಯೇ. ಕನ್ನಡಕ್ಕೆ ಯೂನಿಕೋಡಿನಲ್ಲಿ ಸ್ಥಾನ ಸಿಕ್ಕಿದ್ದು 1991ರಲ್ಲಾದರೂ ವಿಂಡೋಸ್ ಅದನ್ನು ತೋರಿಸತೊಡಗಿದ್ದು 2001ರ ಎಕ್ಸ್‌ಪಿಯಿಂದ. ಆ ನಡುವಿನ ಹತ್ತು ವರ್ಷಗಳ ಕನ್ನಡ ಬರವಣಿಗೆಯಲ್ಲಿ ಎಷ್ಟೋ ಪಾಲು ಹಳೆಯ ಹಾರ್ಡ್‌ಡಿಸ್ಕುಗಳಲ್ಲಿ ಹಳೆಯ ಸಂಕೇತಗಳಲ್ಲೇ ಉಳಿದಿದೆ.

ಅದನ್ನು ಹೊರತೆಗೆಯಲು ಫ್ಲಾಪಿಯನ್ನು ನೆಚ್ಚುವಂತಿಲ್ಲ. 500 ಮೆಗಾಬೈಟಿನ ಒಂದು ಸಣ್ಣ ಹಾರ್ಡ್‌ಡಿಸ್ಕ್ ಖಾಲಿ ಮಾಡಲು 1.44 ಮೆಗಾಬೈಟಿನ ಸುಮಾರು 350 ಫ್ಲಾಪಿಗಳು ಬೇಕು. ಅವನ್ನು ಓದುವ ಡ್ರೈವುಗಳೇ ಕೆಟ್ಟು ಕೂತಿವೆ. ಅದೇ ಕೆಲಸವನ್ನು 10 ಮೆಗಾಬಿಟ್‌ನ ಹಳೆಯ ಕಾರ್ಡೊಂದು ಲೆಕ್ಕದ ಪ್ರಕಾರ ಏಳೇ ನಿಮಿಷಗಳಲ್ಲಿ ಮಾಡಬಲ್ಲದು. ವಾಸ್ತವದಲ್ಲಿ ಅದರ ಎರಡು ಮೂರು ಪಟ್ಟು ಹಿಡಿದರೂ ನಷ್ಟವಿಲ್ಲ. ವಿಂಡೋಸ್‌ನ ಹಳೆಯ ಕಡತ ಹಂಚಿಕೆಯ ಕ್ರಮವನ್ನು ಹೊಸ ವಿಂಡೋಸ್ 2017ರಿಂದ ತಾನಾಗಿ ಅಳವಡಿಸಿಕೊಳ್ಳುತ್ತಿಲ್ಲವಾದ್ದರಿಂದ, ಎರಡೂ ಕಡೆ ಅರ್ಥವಾಗುವ ಎಫ್‌ಟಿಪಿ ಎಂಬ ಹಳೆಯ ವಿಧಾನವನ್ನು ಬಳಸಬೇಕಾಗುತ್ತದೆ. ಕಡತ ಹೊರಬಂದರೆ ಅದರ ಸಂಕೇತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಕಡತ ಡಿಸ್ಕಿನೊಂದಿಗೆ ಕೆಟ್ಟರೆ ಪರಿವರ್ತಿಸಲು ಏನೂ ಇರುವುದಿಲ್ಲ.

ಈ ಇಡೀ ಕಥೆಯಲ್ಲಿ ಬಾಳಿದ್ದು ಯಾವುದು, ಅಳಿದದ್ದು ಯಾವುದು ಎಂದು ಎಣಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮೈಕ್ರೋ ಚಾನೆಲ್ ಅಳಿಯಿತು, ಅದಕ್ಕಿಂತ ಒರಟಾದ ಐಸಾ ಕಾರ್ಖಾನೆಗಳ ಯಂತ್ರಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಟೋಕನ್ ರಿಂಗ್ ಹೋಯಿತು, ಈಥರ್‌ನೆಟ್ ಉಳಿಯಿತು. ಒಬ್ಬೊಬ್ಬರದೇ ಗುಟ್ಟಾಗಿದ್ದ ಅಕ್ಷರ ಸಂಕೇತಗಳು ಮೂಲೆ ಸೇರಿದವು, ಎಲ್ಲರಿಗೂ ತೆರೆದಿದ್ದ ಯೂನಿಕೋಡ್ ನಿಂತಿತು. ಉತ್ತಮವಾದದ್ದೇ ಉಳಿಯುತ್ತದೆಂಬ ನಿಯಮವೇನಿಲ್ಲ. ಹೆಚ್ಚು ಜನರ ಕೈಗೆ, ಕಣ್ಣಿಗೆ ಸಿಗುವಂತೆ ಬರೆದಿಟ್ಟದ್ದು ಉಳಿಯುತ್ತದೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿದಿದೆ. ‘ಹಳೆಯದು’ ಎಂಬ ಪಟ್ಟಿಗೆ ಇನ್ನೊಂದು ತಲೆಮಾರಿನ ಯಂತ್ರಗಳು ಸೇರಿವೆ. ಅವುಗಳನ್ನು ಅಟ್ಟಕ್ಕೋ ಗುಜರಿಗೋ ಹಾಕುವ ಮೊದಲು ಒಳಗಿನದನ್ನು ಹೊರಗೆ ತರಬೇಕು. ಅದಕ್ಕೆ ಬೇಕಾದ ಕಾರ್ಡು ಇಂದು ಹಳೆಯ ಸಾಮಾನಿನ ಅಂಗಡಿಯ ಡಬ್ಬದ ತಳದಲ್ಲಿ ಬಿದ್ದಿರಬಹುದು. ಬಹಳ ಕಾಲ ಹಾಗೆಯೇ ಬಿದ್ದಿರುತ್ತದೆಂದು ನಂಬುವಂತಿಲ್ಲ.